ಮೈದಾನ ನಮ್ಮ ಕೆಲಸದ ಜಾಗ: ಮೂರು ಜಿಲ್ಲೆಗಳ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಬೆಳಗಾವಿ, ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳ ಮಾನ್ಯ ಜಿಲ್ಲಾಧಿಕಾರಿಗಳಿಗೆ,

ಸವಿನಯ ನಮಸ್ಕಾರಗಳು.

ನಾನು ವಿಜಯಪುರದ ಒಬ್ಬ ಕ್ರೀಡಾ ವರದಿಗಾರ್ತಿ. ಹನ್ನೊಂದು ವರ್ಷದಿಂದ ಇದೇ ಕೆಲಸ ಮಾಡಿಕೊಂಡು ಬಂದಿದ್ದೇನೆ. ಜಾತ್ರೆಯ ಕುಸ್ತಿ, ಕಬಡ್ಡಿ, ಸೈಕಲ್ ರೇಸ್, ಎತ್ತುಗಳ ತೆರಬಂಡಿ ಸ್ಪರ್ಧೆ, ಟೆನಿಸ್ ಬಾಲ್ ಕ್ರಿಕೆಟ್, ಶಾಲಾ ಮಕ್ಕಳ ತಾಲ್ಲೂಕು ಕ್ರೀಡಾಕೂಟ, ಯಾವುದನ್ನೂ ಬಿಟ್ಟಿಲ್ಲ. ಇಂಡಿಯಿಂದ ಜಮಖಂಡಿಗೆ, ಜಮಖಂಡಿಯಿಂದ ಗೋಕಾಕಕ್ಕೆ ಕೆಂಪು ಬಸ್ಸಿನಲ್ಲಿ ಓಡಾಡಿದ್ದೇನೆ. ನಿಮ್ಮ ಮೂರೂ ಜಿಲ್ಲೆಗಳ ಮೈದಾನಗಳು ನನಗೆ ಚೆನ್ನಾಗಿ ಗೊತ್ತು. ಯಾವುದರಲ್ಲಿ ನೆರಳು ಎಲ್ಲಿ ಬೀಳುತ್ತದೆ, ಯಾವುದರಲ್ಲಿ ಹೆಣ್ಣುಮಕ್ಕಳಿಗೆ ಶೌಚಾಲಯ ಇಲ್ಲ ಅನ್ನುವುದೂ ಗೊತ್ತು.

ಈ ಪತ್ರ ಬರೆಯಲು ಕಾರಣ ಒಬ್ಬ ಹುಡುಗಿ. ಪತ್ರಿಕೋದ್ಯಮ ಓದುತ್ತಿದ್ದಾಳೆ. ತರಬೇತಿಗೆ ಅಂತ ಎರಡು ತಿಂಗಳು ನನ್ನ ಜೊತೆ ಓಡಾಡಿದಳು. ಸ್ವತಃ ಕಬಡ್ಡಿ ಆಡಿದವಳು. ರೇಡರ್ ಬೋನಸ್ ಗೆರೆ ದಾಟಿದನೋ ಇಲ್ಲವೋ ಅನ್ನುವುದನ್ನು ಅಂಪೈರ್ ಕೈ ಎತ್ತುವ ಮೊದಲೇ ಹೇಳುತ್ತಿದ್ದಳು. ಇಂಥವಳು ಕಳೆದ ತಿಂಗಳು ಕೆಲಸದ ಅರ್ಜಿ ತುಂಬುವಾಗ 'ಕ್ರೀಡೆ ಬಿಟ್ಟು ಬೇರೆ ಯಾವ ವಿಭಾಗವಾದರೂ ಸರಿ' ಅಂತ ಬರೆದಳು. ಯಾಕಮ್ಮ ಅಂತ ಕೇಳಿದೆ. "ನಿಮಗ ಆಗಿದ್ದು ನೋಡೀನ್ರಿ ಮೇಡಂ. ನಮ್ಮ ಮನ್ಯಾಗ ಗೊತ್ತಾದ್ರ ಕೆಲಸಾನ ಬಿಡಸ್ತಾರ" ಅಂದಳು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನಗೆ ಆಗಿದ್ದನ್ನು ನಾನು ಸುಮ್ಮನೆ ನುಂಗಿಕೊಂಡೆ. ಅದರ ಬೆಲೆಯನ್ನು ಅವಳು ಕೊಡುತ್ತಿದ್ದಾಳೆ. ಹಾಗಾಗಿ ಆಗಿದ್ದನ್ನು ಆಗಿದ್ದ ಹಾಗೆಯೇ ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಕುಸ್ತಿಯ ವಿಷಯ. ನನ್ನ ಅಜ್ಜ ತಾಲೀಮು ಮಾಡಿದವರು. ಚಿಕ್ಕವಳಿದ್ದಾಗ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಜಾತ್ರೆಯ ಕುಸ್ತಿಗೆ ಕರೆದುಕೊಂಡು ಹೋಗುತ್ತಿದ್ದರು. ಧೋಬಿ ಪಛಾಡ್ ಪಟ್ಟು ಯಾವುದು, ಕಲಾಜಂಗ್ ಪಟ್ಟು ಯಾವುದು ಅಂತ ಅಲ್ಲೇ ಕಲಿತೆ. ಒಂಬತ್ತನೇ ವಯಸ್ಸಿಗೆ 'ಇನ್ಮುಂದ ನೀ ಬರಬ್ಯಾಡ' ಅಂದರು. ಅಜ್ಜನ ಮೇಲೆ ನನಗೆ ಸಿಟ್ಟಿಲ್ಲ, ಆ ಕಾಲ ಹಾಗಿತ್ತು. ಆದರೆ ಮತ್ತೆ ಕುಸ್ತಿ ಕಣದ ಅಂಚಿಗೆ ಹೋಗಬೇಕು ಅನ್ನೋ ಆಸೆ ಇತ್ತಲ್ಲ, ಅದೇ ನನ್ನನ್ನು ವರದಿಗಾರ್ತಿ ಮಾಡಿದ್ದು.

ಮೂರು ವರ್ಷದ ಹಿಂದೆ ಒಂದು ಊರಿನ ಜಾತ್ರೆಗೆ ಹೋಗಿದ್ದೆ. ಊರಿನ ಹೆಸರು ಹೇಳುವುದಿಲ್ಲ. ಅಲ್ಲಿಯ ಹೆಣ್ಣುಮಕ್ಕಳು ಮಧ್ಯಾಹ್ನ ಕರೆದು ರೊಟ್ಟಿ ಊಟ ಹಾಕಿದ್ದಾರೆ. ಕೆಂಪು ಮಣ್ಣಿಗೆ ನೀರು ಚಿಮುಕಿಸಿ ಕಣ ಹದ ಮಾಡಿದ್ದರು. ನಾನು ಗುರುತಿನ ಚೀಟಿ ಕೊರಳಿಗೆ ಹಾಕಿಕೊಂಡು ಕಣದ ಪಕ್ಕ ಕುಳಿತೆ. ಎಡಬಲಕ್ಕೆ ಬೇರೆ ಪತ್ರಿಕೆಯ ಇಬ್ಬರು ಹುಡುಗರಿದ್ದರು. ಹತ್ತು ನಿಮಿಷ ಆಗಿರಲಿಲ್ಲ, ಕಮಿಟಿಯವರೊಬ್ಬರು ಬಂದು ಮೊಣಕೈ ಹಿಡಿದು ಎಬ್ಬಿಸಿದರು. "ಅಕ್ಕಾರ, ಹೆಣ್ಮಕ್ಕಳು ಇಲ್ಲಿ ಕುಂದ್ರಂಗಿಲ್ರಿ. ಆ ಕಡೆ ಹೆಣ್ಮಕ್ಕಳ ಸಾಲಿನ್ಯಾಗ ಕುಂದ್ರಿ." ಪಕ್ಕದ ಹುಡುಗರು ನೆಲ ನೋಡಿದರು. ಹಿಡಿದ ಕೈ ಬಿಡಿಸಿಕೊಳ್ಳಲು ನಾನು ಎರಡು ಸಲ ಜಗ್ಗಬೇಕಾಯಿತು.

ಹೆಣ್ಣುಮಕ್ಕಳ ಸಾಲು ಇದ್ದದ್ದು ಎರಡು ಟ್ರ್ಯಾಕ್ಟರ್ ಟ್ರೇಲರ್‌ಗಳ ಹಿಂದೆ. ಟ್ರೇಲರ್ ತುಂಬ ಗಂಡಸರು ನಿಂತಿದ್ದರು. ಅಲ್ಲಿಂದ ಕಣ ಕಾಣುವುದೇ ಇಲ್ಲ. ಹಲಗಿ ಬಡಿತ ಜೋರಾದಾಗ ಯಾರೋ ಚಿತ್ ಆದರು ಅಂತ ತಿಳಿಯುತ್ತಿತ್ತು. ಯಾರು ಅಂತ ತಿಳಿಯುತ್ತಿರಲಿಲ್ಲ. ಕೊನೆಯದು ಜಂಗಿ ನಿಕಾಲಿ ಕುಸ್ತಿ, ಅಂದರೆ ಒಬ್ಬರು ಸೋಲುವ ತನಕ ನಡೆಯುವ ದೊಡ್ಡ ಕುಸ್ತಿ. ಅದು ಇಪ್ಪತ್ತು ನಿಮಿಷಕ್ಕಿಂತ ಜಾಸ್ತಿ ನಡೆಯಿತು. ನಾನು ಅದನ್ನು ಕಿವಿಯಲ್ಲಿ ಕೇಳಿ ಬರೆದೆ. ಟ್ರೇಲರ್ ಮೇಲಿದ್ದ ಒಬ್ಬನನ್ನು ಕೇಳಿ ಹೆಸರು ತಗೊಂಡೆ. ಅವನು ಗೆದ್ದವನ ಹೆಸರು, ಸೋತವನ ಹೆಸರು ಅದಲುಬದಲು ಹೇಳಿದ್ದ. ಪೇಪರಿನಲ್ಲಿ ಹಾಗೆಯೇ ಬಂತು. ಮರುದಿನ ಗೆದ್ದ ಪೈಲ್ವಾನನ ತಂದೆ ಪೇಪರ್ ಹಿಡಿದುಕೊಂಡು ಆಫೀಸಿಗೆ ಬಂದರು. ಜಗಳ ಮಾಡಲಿಲ್ಲ. "ನಮ್ಮ ಹುಡುಗ ಎಂಟು ತಿಂಗಳು ಹಾಲು, ಬಾದಾಮಿ ಅಂತ ಮೈ ಕಟ್ಟ್ಯಾನ್ರಿ. ಒಂದು ಹೆಸರರ ಸರಿಯಾಗಿ ಬರೀಬೇಕಿತ್ತು" ಅಂದರು, ಅಷ್ಟೇ. ಅವರ ಮಾತು ನ್ಯಾಯದ ಮಾತು. ನನ್ನ ಕೈಯಲ್ಲಿ ಉತ್ತರ ಇರಲಿಲ್ಲ. ಆದರೆ ಅವರು ಹೋದ ಮೇಲೆ ನಮ್ಮ ಹಿರಿಯರು ಅಂದ ಮಾತು ಇನ್ನೂ ಚುಚ್ಚುತ್ತದೆ. "ಇದಕ್ಕ ಹೆಣ್ಮಕ್ಕಳನ್ನ ಕುಸ್ತಿಗೆ ಕಳಸಬಾರದು ಅನ್ನೋದು." ನೋಡಲು ಬಿಡಲಿಲ್ಲ, ನೋಡದೆ ಬರೆದಿದ್ದಕ್ಕೆ ಕೆಲಸ ಬರುವುದಿಲ್ಲ ಅಂದರು. ಮುಂದೆ ಆರು ತಿಂಗಳು ನನಗೆ ಕುಸ್ತಿ ಕೊಡಲಿಲ್ಲ.

ಎರಡನೆಯದು ಹೆದರಿಸಿದ ವಿಷಯ. ಇದನ್ನೇ ಆ ಹುಡುಗಿ ಕಣ್ಣಾರೆ ನೋಡಿದ್ದು.

ಒಂದು ಕ್ರಿಕೆಟ್ ಟೂರ್ನಿಯಲ್ಲಿ ಗೆದ್ದ ತಂಡಕ್ಕೆ ವೇದಿಕೆ ಮೇಲೆ ದೊಡ್ಡ ರಟ್ಟಿನ ಚೆಕ್ ಕೊಟ್ಟು ಫೋಟೋ ತೆಗೆಸಿಕೊಂಡರು. ಮೂರು ತಿಂಗಳಾದರೂ ಹುಡುಗರ ಕೈಗೆ ದುಡ್ಡು ಬಂದಿರಲಿಲ್ಲ. ಸಂಘಟಕರನ್ನು ಕೇಳಿದೆ. ಅವರು ಹೇಳಿದ್ದನ್ನೂ ಹಾಕಿ, ಹುಡುಗರು ಹೇಳಿದ್ದನ್ನೂ ಹಾಕಿ ಬರೆದೆ. ಸುದ್ದಿ ಬಂದ ದಿನ ರಾತ್ರಿ ಒಂಬತ್ತಕ್ಕೆ ನನ್ನ ಫೋನ್ ಹೊಡೆದುಕೊಳ್ಳಲು ಶುರುವಾಯಿತು. ಟೂರ್ನಿಯ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಯಾರೋ ನನ್ನ ಫೋಟೋ, ನಂಬರ್ ಹಾಕಿ, ಕೆಳಗೆ ಒಂದು ಸಾಲು ಬರೆದಿದ್ದರು. ಆ ಸಾಲನ್ನು ಇಲ್ಲಿ ಬರೆಯಲಾರೆ. ಬೆಳಗಿನ ತನಕ 61 ಕಾಲ್ ಬಂದವು. ಬ್ಲಾಕ್ ಮಾಡುತ್ತಾ ಹೋದೆ. ಆಮೇಲೆ ದುಡ್ಡು ಕಳಿಸುವ ಆ್ಯಪ್‌ನಲ್ಲಿ ಒಂದು ರೂಪಾಯಿ ಬಂತು. ಬ್ಲಾಕ್ ಮಾಡಿದವನೇ ಕಳಿಸಿದ್ದ. ರೂಪಾಯಿಯ ಜೊತೆ ಟಿಪ್ಪಣಿ ಹಾಕಲು ಜಾಗ ಇರುತ್ತದಲ್ಲ, ಅಲ್ಲಿ ನನ್ನ 'ರೇಟ್' ಕೇಳಿದ್ದ. ಆ ಒಂದು ರೂಪಾಯಿ ಇನ್ನೂ ನನ್ನ ಪಾಸ್‌ಬುಕ್ಕಿನಲ್ಲಿ ತಾರೀಖಿನ ಸಮೇತ ಇದೆ.

ಆ ವಾರ ಎರಡು ಸಂಜೆ ಒಂದು ಬೈಕು ಮೈದಾನದಿಂದ ನಮ್ಮ ಓಣಿಯ ತಿರುವಿನ ತನಕ ಹಿಂದೆ ಬಂತು. ಎರಡನೇ ಸಂಜೆ ಆ ಹುಡುಗಿ ನನ್ನ ಸ್ಕೂಟಿಯ ಹಿಂದೆ ಕೂತಿದ್ದಳು. ಅವಳ ಕೈ ನನ್ನ ಭುಜದ ಮೇಲೆ ನಡುಗುತ್ತಿದ್ದುದು ನನಗೆ ಗೊತ್ತಾಗುತ್ತಿತ್ತು.

ಆಫೀಸಿನಲ್ಲಿ ಹೇಳಿದೆ. 'ಅವರು ನಮಗೆ ಜಾಹೀರಾತು ಕೊಡುವವರು, ಸ್ವಲ್ಪ ದಿನ ಸುಮ್ಮನಿರು' ಅಂದರು. ಠಾಣೆಗೆ ಹೋದೆ. ಅಲ್ಲಿ ಕೇಳಿದ ಮೊದಲ ಪ್ರಶ್ನೆ, "ಮನ್ಯಾಗ ಹೇಳೀರೇನ್ರಿ?" ಎರಡನೆಯದು, "ಇಂಥಾದ್ದೆಲ್ಲ ನೀವ್ಯಾಕ ಬರೀಲಿಕ್ಕೆ ಹೋದ್ರಿ?" ಕರೆಸಿ ಬುದ್ಧಿ ಹೇಳುತ್ತೇವೆ ಅಂದರು. ದೂರು ಬರೆದುಕೊಳ್ಳಲಿಲ್ಲ. ಭಾರತೀಯ ನ್ಯಾಯ ಸಂಹಿತೆಯಲ್ಲಿ ಲೈಂಗಿಕ ಕಿರುಕುಳಕ್ಕೆ 75ನೇ ಕಲಂ, ಬೆನ್ನು ಹತ್ತುವುದಕ್ಕೆ 78, ಹೆಣ್ಣಿನ ಮಾನಕ್ಕೆ ಕುಂದು ತರುವ ಮಾತು ಮತ್ತು ಸನ್ನೆಗೆ 79 ಇದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಕಾನೂನು ಇದು. ನಾನು ಕೇಳಿದ್ದು ಹೊಸದೇನೂ ಅಲ್ಲ.

ಇನ್ನು ದಿನನಿತ್ಯದ ಸಣ್ಣ ಸಂಗತಿಗಳು. ಪ್ರಶ್ನೆ ನಾನು ಕೇಳುತ್ತೇನೆ, ಕೋಚ್ ನನ್ನ ಪಕ್ಕದ ಫೋಟೋಗ್ರಾಫರ್ ಮುಖ ನೋಡಿ ಉತ್ತರ ಕೊಡುತ್ತಾರೆ. ಬಹುಮಾನ ಕೊಡುವಾಗ 'ಮೇಡಂ, ತಟ್ಟೆ ಹಿಡ್ಕೊಂಡು ವೇದಿಕೆ ಮ್ಯಾಲೆ ಬರ್ರಿ' ಅಂತ ಮೈಕಿನಲ್ಲಿ ಕರೆಯುತ್ತಾರೆ. ಸೆಲ್ಫಿ ಅಂತ ಬಂದು ಹೆಗಲ ಮೇಲೆ ಕೈ ಹಾಕುತ್ತಾರೆ. ಏಪ್ರಿಲ್ ಬಿಸಿಲಿನಲ್ಲಿ ಇಡೀ ದಿನದ ಟೂರ್ನಿ ಇದ್ದರೆ ನಾನು ಬೆಳಿಗ್ಗೆಯಿಂದ ನೀರು ಕುಡಿಯುವುದಿಲ್ಲ, ಯಾಕಂದರೆ ಹೋಗಲು ಜಾಗ ಇರುವುದಿಲ್ಲ. ಎರಡು ಸಲ ಉರಿಮೂತ್ರ ಆಗಿ ಆಸ್ಪತ್ರೆ ಸೇರಿದ್ದೇನೆ. ಇದನ್ನು ಬರೆಯಲು ಸಂಕೋಚ ಆಗುತ್ತದೆ. ಆದರೂ ಬರೆಯದಿದ್ದರೆ ನಿಮಗೆ ಗೊತ್ತಾಗುವುದು ಹೇಗೆ?

ಇದು ನಮ್ಮೂರಿನ ರೋಗ ಮಾತ್ರ ಅಂತ ನಾನು ಹೇಳುತ್ತಿಲ್ಲ. 2016ರ ಜನವರಿಯಲ್ಲಿ ಆಸ್ಟ್ರೇಲಿಯಾದ ಬಿಗ್ ಬ್ಯಾಷ್ ಪಂದ್ಯದ ನಡುವೆ ಮೆಲ್ ಮೆಕ್ಲಾಫ್ಲಿನ್ ಎಂಬ ವರದಿಗಾರ್ತಿ ಕ್ರಿಸ್ ಗೇಲ್‌ಗೆ ಆಟದ ಬಗ್ಗೆ ಪ್ರಶ್ನೆ ಕೇಳಿದರು. ಅವರು ಆಕೆಯ ಕಣ್ಣು ಹೊಗಳಿ, ಮ್ಯಾಚ್ ಮುಗಿದ ಮೇಲೆ ಜೊತೆಗೆ ಕುಡಿಯೋಣ ಅಂತ ನೇರ ಪ್ರಸಾರದಲ್ಲೇ ಹೇಳಿದರು. ಅವರದೇ ತಂಡ ಅವರಿಗೆ 10,000 ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು. 2018ರಲ್ಲಿ ರಷ್ಯಾದ ಫುಟ್‌ಬಾಲ್ ವಿಶ್ವಕಪ್ ವೇಳೆ ಕ್ಯಾಮೆರಾ ಮುಂದೆ ನಿಂತು ಮಾತಾಡುತ್ತಿದ್ದ ವರದಿಗಾರ್ತಿಯರನ್ನು ದಾರಿಹೋಕರು ಮುತ್ತಿಡಲು ಬಂದರು. ಅದೇ ವರ್ಷ ಬ್ರೆಜಿಲ್‌ನ ಕ್ರೀಡಾ ಪತ್ರಕರ್ತೆಯರು ಒಟ್ಟಾಗಿ ಒಂದು ಅಭಿಯಾನ ಮಾಡಿದ್ದರು. ಅದರ ಹೆಸರಿನ ಅರ್ಥ ಇಷ್ಟೇ: ಅವಳನ್ನು ಕೆಲಸ ಮಾಡಲು ಬಿಡಿ.

ಇವೆಲ್ಲಕ್ಕಿಂತ ನನ್ನ ಮನಸ್ಸಿಗೆ ಹತ್ತಿರವಾದದ್ದು ಹಳೆಯ ಒಂದು ಪ್ರಸಂಗ. 1977ರಲ್ಲಿ ಅಮೆರಿಕದ ವರ್ಲ್ಡ್ ಸೀರೀಸ್ ಬೇಸ್‌ಬಾಲ್ ವೇಳೆ ಮೆಲಿಸ್ಸಾ ಲುಡ್ಕಿ ಎಂಬ ಪತ್ರಕರ್ತೆಗೆ ಆಟಗಾರರ ಕೋಣೆಯ ಬಾಗಿಲು ಮುಚ್ಚಿದರು. ಗಂಡು ವರದಿಗಾರರು ಒಳಗೆ ಹೋಗಿ ಆಟಗಾರರನ್ನು ಮಾತಾಡಿಸುತ್ತಿದ್ದರು. ಈಕೆ ಹೊರಗೆ ಕಾಯಬೇಕಿತ್ತು. ಅವರ ಪತ್ರಿಕೆ ಕೋರ್ಟಿಗೆ ಹೋಯಿತು. 1978ರಲ್ಲಿ ಕಾನ್‌ಸ್ಟನ್ಸ್ ಬೇಕರ್ ಮಾಟ್ಲಿ ಎಂಬ ನ್ಯಾಯಾಧೀಶೆ, ಗಂಡಸರಿಗೆ ಸಿಗುವ ಅವಕಾಶ ಆಕೆಗೂ ಸಿಗಬೇಕು ಅಂತ ತೀರ್ಪು ಕೊಟ್ಟರು. ಟ್ರೇಲರ್ ಹಿಂದೆ ಕೂತು ಹಲಗಿ ಸದ್ದು ಕೇಳುತ್ತಿದ್ದಾಗ ನನಗೆ ಈ ಕತೆ ಗೊತ್ತಿರಲಿಲ್ಲ. ಆಮೇಲೆ ಓದಿದಾಗ ಕಣ್ಣು ತುಂಬಿತು. ಅಲ್ಲಿ ಬಾಗಿಲು, ಇಲ್ಲಿ ಟ್ರ್ಯಾಕ್ಟರ್. ಆಕೆಯ ಬೆನ್ನಿಗೆ ಪತ್ರಿಕೆ ನಿಂತಿತು ಅನ್ನುವುದೊಂದೇ ವ್ಯತ್ಯಾಸ.

ಈಗ ನಮ್ಮ ಕಾನೂನಿಗೆ ಬರುತ್ತೇನೆ. ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳ ಮೇಲಿನ ಲೈಂಗಿಕ ಕಿರುಕುಳ ತಡೆಯುವ ಕಾಯ್ದೆ ಬಂದದ್ದು 2013ರಲ್ಲಿ. ಆಫೀಸು, ಕಾರ್ಖಾನೆಗೆ ಮಾತ್ರ ಅದು ಅಂತ ನಾನೂ ತಿಳಿದಿದ್ದೆ. ಓದಿ ನೋಡಿದೆ. 'ಕೆಲಸದ ಸ್ಥಳ' ಅಂದರೇನು ಅಂತ ಹೇಳುವ ಕಡೆ ಕ್ರೀಡಾ ಸಂಸ್ಥೆ, ಸ್ಟೇಡಿಯಂ, ಕ್ರೀಡಾ ಸಂಕೀರ್ಣ, ಸ್ಪರ್ಧೆ ನಡೆಯುವ ಜಾಗ ಅಂತ ಬಿಡಿಬಿಡಿಯಾಗಿ ಹೆಸರು ಹಿಡಿದೇ ಬರೆದಿದ್ದಾರೆ. ಕೆಲಸದ ಮೇಲೆ ಹೋಗುವ ಯಾವುದೇ ಜಾಗ, ಮಾಲೀಕರು ಕೊಟ್ಟ ವಾಹನದಲ್ಲಿ ಹೋಗುವ ದಾರಿ, ಅದೂ ಸೇರಿದೆ. ಹೊರಗಿನವರಿಂದ ತೊಂದರೆಯಾದರೂ ಕೆಲಸಕ್ಕೆ ಇಟ್ಟುಕೊಂಡವರು ರಕ್ಷಣೆ ಕೊಡಬೇಕು ಅಂತಲೂ ಇದೆ. ಅಂದರೆ ಆ ಕೆಂಪು ಮಣ್ಣಿನ ಕಣ ನನ್ನ ಕೆಲಸದ ಜಾಗ. ನಾನು ಅಲ್ಲಿಗೆ ಬಂದ ಅತಿಥಿ ಅಲ್ಲ, ಯಾರದೋ ಮನೆಯ ಹೆಣ್ಣುಮಗಳಾಗಿ ಜಾತ್ರೆ ನೋಡಲು ಬಂದವಳೂ ಅಲ್ಲ. ನಾನು ಡ್ಯೂಟಿಯಲ್ಲಿ ಇದ್ದೆ.

ಹತ್ತು ಜನರಿಗಿಂತ ಕಡಿಮೆ ಇರುವ ಕಡೆ ಆಂತರಿಕ ಸಮಿತಿ, ಅಂದರೆ ಇಂಥ ದೂರು ಕೇಳಲು ಸಂಸ್ಥೆಯೊಳಗೇ ಇರುವ ಸಮಿತಿ, ಇರುವುದಿಲ್ಲ. ನಮ್ಮ ಕಡೆಯ ಹೆಚ್ಚಿನ ಪತ್ರಿಕಾ ಕಚೇರಿಗಳು ಇಂಥವೇ, ಮೂರು ಜನ, ನಾಲ್ಕು ಜನ. ಅಂಥವರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ತಾಲ್ಲೂಕಿನಲ್ಲಿ ದೂರು ತಗೊಳ್ಳಲು ಒಬ್ಬ ನೋಡಲ್ ಅಧಿಕಾರಿ ಇರಬೇಕು, ಬಂದ ದೂರನ್ನು ಏಳು ದಿನದಲ್ಲಿ ಸಮಿತಿಗೆ ಮುಟ್ಟಿಸಬೇಕು. ದೂರು ಕೊಡಲು ಮೂರು ತಿಂಗಳ ಗಡುವು. ಇದೆಲ್ಲ ನನಗೆ ತಿಳಿಯುವ ಹೊತ್ತಿಗೆ ನನ್ನ ಮೂರು ತಿಂಗಳು ಮುಗಿದಿತ್ತು. ಯಾವ ಮೈದಾನದ ಗೋಡೆಯ ಮೇಲೂ ಆ ಸಮಿತಿಯ ಹೆಸರನ್ನು ನಾನು ನೋಡಿಲ್ಲ. ಉದ್ಘಾಟನೆ ಮಾಡಿದವರ ಹೆಸರು ಮಾತ್ರ ಕಲ್ಲಿನಲ್ಲಿ ಕೆತ್ತಿರುತ್ತದೆ. ದೊಡ್ಡ ಮಟ್ಟದಲ್ಲೂ ಹೀಗೆಯೇ. 2023ರ ಜನವರಿಯಲ್ಲಿ ಲೈಂಗಿಕ ಕಿರುಕುಳದ ವಿರುದ್ಧ ಕುಸ್ತಿಪಟುಗಳು ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕೂತಾಗ ದೇಶಕ್ಕೆ ಈ ಪ್ರಶ್ನೆ ಎದುರಾಯಿತು. ಆ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪಿನಲ್ಲಿ, 30 ರಾಷ್ಟ್ರೀಯ ಕ್ರೀಡಾ ಫೆಡರೇಷನ್‌ಗಳಲ್ಲಿ 16ಕ್ಕೆ ಆಂತರಿಕ ಸಮಿತಿಯೇ ಇಲ್ಲ ಎಂಬ ಪತ್ರಿಕಾ ವರದಿಯನ್ನು ಎತ್ತಿ ತೋರಿಸಿತು. ರಿಯೊ ಒಲಿಂಪಿಕ್ಸ್‌ನಲ್ಲಿ ಪದಕ ಗೆದ್ದ ಸಾಕ್ಷಿ ಮಲಿಕ್ ಅದೇ ಡಿಸೆಂಬರ್‌ನಲ್ಲಿ ಬೂಟು ಬಿಚ್ಚಿ ಮೇಜಿನ ಮೇಲಿಟ್ಟು ಕುಸ್ತಿ ಬಿಟ್ಟರು. ಅವತ್ತು ನಾನು ಟಿವಿ ಮುಂದೆ ಕೂತು ಅತ್ತಿದ್ದೇನೆ.

ನಮ್ಮ ಮಣ್ಣಿನ ಹೆಣ್ಣುಮಕ್ಕಳು ಆಡುವುದರಲ್ಲಿ ಹಿಂದೆ ಬಿದ್ದಿಲ್ಲ. ವಿಜಯಪುರದ ರಾಜೇಶ್ವರಿ ಗಾಯಕವಾಡ 2017ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ಎದುರು 15 ರನ್ ಕೊಟ್ಟು 5 ವಿಕೆಟ್ ತೆಗೆದರು. ಬೆಳಗಾವಿಯ ಮಲಪ್ರಭಾ ಜಾಧವ 2018ರ ಏಷ್ಯನ್ ಗೇಮ್ಸ್‌ನಲ್ಲಿ ಕುರಾಶ್ ಎಂಬ ಕುಸ್ತಿಯಂಥ ಆಟದಲ್ಲಿ ಕಂಚು ತಂದರು. 2025ರ ನವೆಂಬರ್ 2ರ ರಾತ್ರಿ ಹರ್ಮನ್‌ಪ್ರೀತ್ ಕೌರ್ ತಂಡ ವಿಶ್ವಕಪ್ ಗೆದ್ದಾಗ ನಮ್ಮ ಓಣಿಯಲ್ಲೂ ಪಟಾಕಿ ಹಾರಿಸಿದರು. ಆಡುವ ಹುಡುಗಿಗೆ ಚಪ್ಪಾಳೆ ತಟ್ಟಲು ಕಲಿತಿದ್ದೇವೆ. ಆ ಆಟದ ಬಗ್ಗೆ ಬರೆಯುವ ಹುಡುಗಿ ಯಾಕೆ ಕಣ್ಣಿಗೆ ಚುಚ್ಚುತ್ತಾಳೆ?

ವರದಿಗಾರ್ತಿ ಇದ್ದರೆ ಏನು ಲಾಭ ಅಂತ ಯಾರಾದರೂ ಕೇಳಬಹುದು. ಒಂದೇ ಉದಾಹರಣೆ ಕೊಡುತ್ತೇನೆ. ಶಾಲಾ ಕಬಡ್ಡಿ ಕೂಟವೊಂದರಲ್ಲಿ ಹದಿನಾಲ್ಕು ವರ್ಷದ ಒಬ್ಬ ಹುಡುಗಿ ಆಟ ಶುರುವಾಗುವ ಮೊದಲು ನನ್ನ ಹತ್ತಿರ ಬಂದು, "ಅಕ್ಕಾ, ಸ್ವಲ್ಪ ಬರ್ತೀರೇನು" ಅಂತ ಕರೆದಳು. ಬಟ್ಟೆ ಬದಲಿಸುವ ಕೋಣೆಗೆ ಚಿಲಕ ಇರಲಿಲ್ಲ. ಕಿಟಕಿಗೆ ಗಾಜಿರಲಿಲ್ಲ. ನಾಲ್ಕು ಹುಡುಗಿಯರು ಒಂದು ಹಾಸಿಗೆ ಬಟ್ಟೆಯನ್ನು ಮೂಲೆ ಮೂಲೆ ಹಿಡಿದು ನಿಂತಿದ್ದರು. ನಡುವೆ ಒಬ್ಬೊಬ್ಬಳೇ ಕೂತು ಬಟ್ಟೆ ಬದಲಿಸುತ್ತಿದ್ದಳು. ಹೊರಗೆ ಕಿಟಕಿ ಹತ್ತಿರ ಹುಡುಗರು ಸೀಟಿ ಹೊಡೆಯುತ್ತಿದ್ದರು. ನಾನು ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಗೆ ಹೋಗಿ ಕಿಟಕಿಗೆ ಬೆನ್ನು ಕೊಟ್ಟು ನಿಂತೆ. ಮರುದಿನ ಬರೆದೆ. ಎಂಟು ದಿನದಲ್ಲಿ ಚಿಲಕ ಬಂತು, ಕಿಟಕಿಗೆ ಹಲಗೆ ಬಂತು. ಅದೇ ಮೈದಾನಕ್ಕೆ ಎಷ್ಟೋ ವರ್ಷದಿಂದ ನನ್ನ ಗಂಡು ಸಹೋದ್ಯೋಗಿಗಳು ಬರುತ್ತಿದ್ದರು. ಅವರದು ತಪ್ಪು ಅನ್ನುವುದಿಲ್ಲ. ಆ ಮಗು ಅವರನ್ನು ಒಳಗೆ ಕರೆಯಲು ಸಾಧ್ಯವಿರಲಿಲ್ಲ.

ಮಾನ್ಯರೇ, ನನ್ನ ಕೋರಿಕೆಗಳು ದೊಡ್ಡವೇನಲ್ಲ. ಜಾತ್ರೆಯ ಕುಸ್ತಿಗಾಗಲಿ, ಟೂರ್ನಿಗಾಗಲಿ ಅನುಮತಿ, ಬಂದೋಬಸ್ತು ಕೇಳಿಕೊಂಡು ಸಂಘಟಕರು ನಿಮ್ಮ ಆಡಳಿತದ ಮುಂದೆಯೇ ಬರುತ್ತಾರೆ. ಆ ಅನುಮತಿ ಪತ್ರದಲ್ಲಿ ಎರಡು ಸಾಲು ಸೇರಿಸಿ. ಪತ್ರಕರ್ತರಿಗೆ ಕೊಟ್ಟ ಜಾಗ ಪತ್ರಕರ್ತೆಗೂ ಇರಬೇಕು. ಹೆಣ್ಣುಮಕ್ಕಳು ಬಳಸುವಂಥ, ಒಳಗಿನಿಂದ ಚಿಲಕ ಹಾಕಿಕೊಳ್ಳುವಂಥ ಶೌಚಾಲಯ ಇರಬೇಕು. ತಾತ್ಕಾಲಿಕದ್ದಾದರೂ ನಡೆಯುತ್ತದೆ. ಸ್ಥಳೀಯ ಸಮಿತಿಯ ಅಧ್ಯಕ್ಷರ ಹೆಸರು, ನಂಬರ್, ತಾಲ್ಲೂಕಿನ ನೋಡಲ್ ಅಧಿಕಾರಿಯ ನಂಬರ್ ಪ್ರತಿ ಸರ್ಕಾರಿ ಕ್ರೀಡಾಂಗಣದ ಗೇಟಿನ ಹತ್ತಿರ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆಸಿ. ಆಡುವ ಹುಡುಗಿಯರಿಗೂ ಅದು ಬೇಕಾಗುತ್ತದೆ. ವರದಿ ಬರೆದಿದ್ದಕ್ಕೆ ನಂಬರ್ ಹಂಚಿ ಹೆದರಿಸಿದ ದೂರು ಬಂದರೆ ಅದೇ ದಿನ ಬರೆದುಕೊಳ್ಳಿ ಅಂತ ಪೊಲೀಸ್ ವರಿಷ್ಠಾಧಿಕಾರಿಗಳ ಜೊತೆ ಮಾತಾಡಿ. 'ಮನ್ಯಾಗ ಹೇಳೀರೇನು' ಅನ್ನುವ ಪ್ರಶ್ನೆಯನ್ನು ಇನ್ನೊಬ್ಬಳಿಗೆ ಯಾರೂ ಕೇಳಬಾರದು.

ಇದನ್ನು ಓದುವ ಸಂಪಾದಕರಿಗೂ ಒಂದು ಮಾತು. ನಾವು ನಿಮ್ಮವರು. ಜಾಹೀರಾತು ಹೋಗುತ್ತದೆ ಅಂತ ನೀವು ಕೈಬಿಟ್ಟರೆ ನಮಗೆ ಬೇರೆ ಯಾರೂ ಇಲ್ಲ. ಪಕ್ಕದಲ್ಲಿ ಕೂತು ನೆಲ ನೋಡಿದ ಆ ಇಬ್ಬರು ಹುಡುಗರಿಗೂ ಹೇಳುತ್ತೇನೆ. ಅವತ್ತು 'ಅವರೂ ರಿಪೋರ್ಟರ್ ಅದಾರ್ರಿ' ಅಂತ ಒಬ್ಬರು ಅಂದಿದ್ದರೂ ಸಾಕಿತ್ತು.

ಈ ಪತ್ರದಲ್ಲಿ ನನ್ನ ಹೆಸರು ಹಾಕಿಲ್ಲ. ನಂಬರ್ ಇನ್ನೊಂದು ಗ್ರೂಪಿಗೆ ಹೋಗುವುದು ಬೇಡ ಅಂತ. ನಿಮ್ಮ ಮೂರೂ ಕಚೇರಿಗೆ ಕಳಿಸಿದ ಪ್ರತಿಯಲ್ಲಿ ನನ್ನ ಹೆಸರು, ವಿಳಾಸ, ಸಹಿ, ಆ ರಾತ್ರಿಯ ಕಾಲ್‌ಗಳ ಪಟ್ಟಿ, ಒಂದು ರೂಪಾಯಿಯ ಪಾಸ್‌ಬುಕ್ ನಕಲು ಎಲ್ಲವೂ ಇವೆ.

ಸಂಕ್ರಮಣಕ್ಕೆ ನಮ್ಮ ಸಿದ್ಧೇಶ್ವರ ಜಾತ್ರೆ. ಆಮೇಲೆ ಬೇಸಿಗೆ ತನಕ ಊರೂರಲ್ಲಿ ಕುಸ್ತಿ ನಡೆಯುತ್ತವೆ. ಆ ಹುಡುಗಿಗೆ ಇನ್ನೊಂದು ಸಲ ನನ್ನ ಜೊತೆ ಬಾ ಅಂತ ಕೇಳಿದ್ದೇನೆ. ಯೋಚನೆ ಮಾಡಿ ಹೇಳುತ್ತೇನೆ ಅಂದಿದ್ದಾಳೆ. ಅವಳು ಹೂಂ ಅಂದರೆ ಇಬ್ಬರೂ ಬರುತ್ತೇವೆ. ಇಬ್ಬರಿಗೂ ಕಣ ಕಾಣುವ ಕಡೆ ಜಾಗ ಬೇಕು. ಅದಕ್ಕೆ ಮೊದಲು ನಿಮ್ಮಿಂದ ಒಂದು ಉತ್ತರ ಬಂದರೆ ಅವಳಿಗೆ ತೋರಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಕ್ರೀಡಾ ವರದಿಗಾರ್ತಿ
ವಿಜಯಪುರ